ಬ್ಯಾಂಕಿನ ಇಂಗ್ಲಿಷು ಮತ್ತು ನಮ್ಮ ದಸ್ಕತ್ತು

ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳು ನಮ್ಮ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿ ಬಹುಕಾಲದಿಂದ ಮಾರಾಟವಾಗುತ್ತಿವೆ. ಈಗ ಅದೇ ಕೆಲಸವನ್ನು ಮೊಬೈಲಿನ ವಿಡಿಯೋಗಳೂ ಮಾಡುತ್ತಿವೆ. ಇವುಗಳಲ್ಲಿ ‘ಬ್ಯಾಂಕಿನಲ್ಲಿ’ ಎಂಬ ಪಾಠ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಕೌಂಟ್ ಎಂದರೆ ಖಾತೆ, ಡೆಪಾಸಿಟ್ ಎಂದರೆ ಠೇವಣಿ, ಲೋನ್ ಎಂದರೆ ಸಾಲ ಎಂದು ಒಂದು ಪಟ್ಟಿ. ಕೌಂಟರಿನಲ್ಲಿ ಕುಳಿತವರನ್ನು ವಿನಯದಿಂದ ಮಾತಾಡಿಸಲು ನಾಲ್ಕು ವಾಕ್ಯ. ಅಲ್ಲಿಗೆ ಪಾಠ ಮುಗಿಯಿತು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬ್ಯಾಂಕಿನಲ್ಲಿ ನಮ್ಮ ಜನ ಪೆಟ್ಟು ತಿನ್ನುವುದು ಮಾತಾಡಲು ಬಾರದೆ ಅಲ್ಲ. ‘ಆಪಾ, ಇಲ್ಲೊಂದು ದಸ್ಕತ್ ಹಾಕಿಬಿಡಿ’ ಎಂದು ಯಾರೋ ಕಾಗದ ಮುಂದೆ ಹಿಡಿದಾಗ, ಅದರಲ್ಲಿರುವ ಪದ ತಮ್ಮನ್ನು ಏನಾಗಿ ಮಾಡುತ್ತದೆ ಎಂಬುದು ತಿಳಿಯದೆ. ಮಾತಿನ ಇಂಗ್ಲಿಷು ಬೇರೆ, ದಸ್ಕತ್ತಿನ ಇಂಗ್ಲಿಷು ಬೇರೆ. ಪುಸ್ತಕಗಳು ಮೊದಲನೆಯದನ್ನು ಕಲಿಸಿ, ಎರಡನೆಯದನ್ನೂ ಕಲಿಸಿದೆವೆಂಬ ಭ್ರಮೆ ಹುಟ್ಟಿಸುತ್ತವೆ ಎಂಬುದೇ ನಮ್ಮ ಆಕ್ಷೇಪ.

ಹಣಕಾಸಿನ ಭಾಷೆ ನಮಗೆ ಹೊಸದೇನಲ್ಲ. ಅಸಲು, ಬಾಕಿ, ಜಮಾ, ಖರ್ಚು, ವಸೂಲಿ, ಜಾಮೀನು, ಜಪ್ತಿ, ರಸೀದಿ, ಕರಾರು, ವಾರಸು - ಅರಬ್ಬಿ, ಪಾರಸಿಗಳಿಂದ ಬಂದ ಈ ಪದಗಳಿಲ್ಲದೆ ಕನ್ನಡದ ಯಾವ ಲೆಕ್ಕದ ಪುಸ್ತಕವೂ ನಡೆಯದು. ಉರ್ದು ಶಾಲೆಯ ಮಗುವಿಗೂ ಕನ್ನಡ ಶಾಲೆಯ ಮಗುವಿಗೂ ಇವು ಸಮಾನ ಆಸ್ತಿ. ಸಂತೆಯಲ್ಲಿ ಬಟ್ಟೆ ಮಾರುವ ಅಕ್ಷರ ಬಾರದ ಹೆಂಗಸಿಗೂ ಅಸಲೆಷ್ಟು, ಬಾಕಿಯೆಷ್ಟು ಎಂಬುದು ಸ್ಪಷ್ಟವಾಗಿ ಗೊತ್ತು.

ಬ್ಯಾಂಕೂ ನಮಗೆ ಹೊಸದಲ್ಲ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. 2020ರ ಏಪ್ರಿಲ್‌ನಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಈಗ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿರುವ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲೇ ಹಣ ಸಂಗ್ರಹಿಸುವ ಯೋಜನೆ ಅದು. ಪಿಗ್ಮಿ ಇಂಗ್ಲಿಷ್ ಪದ. ಆದರೆ ಅದನ್ನು ಯಾರೂ ಪಟ್ಟಿ ನೋಡಿ ಕಲಿಯಲಿಲ್ಲ. ಏಜೆಂಟ್ ದಿನವೂ ಬಂದ, ಹಣ ಪಡೆದ, ಕಾರ್ಡಿನಲ್ಲಿ ಬರೆದುಕೊಟ್ಟ. ಪದದ ಹಿಂದಿನ ವ್ಯವಹಾರ ಕಣ್ಣೆದುರೇ ನಡೆದದ್ದರಿಂದ ಪದ ಕನ್ನಡದ್ದೇ ಆಯಿತು. ಅಂದರೆ ತೊಡಕು ಇಂಗ್ಲಿಷಿನದಲ್ಲ. ವ್ಯವಹಾರವನ್ನು ಕಾಣಗೊಡದೆ ಪದವನ್ನು ಮಾತ್ರ ಮುಂದಿಡುವುದು ತೊಡಕು.

ಗ್ಯಾರಂಟರ್ ಎಂಬ ಪದವನ್ನೇ ನೋಡಿ. ಪಟ್ಟಿಯಲ್ಲಿ ಅದಕ್ಕೆ ‘ಜಾಮೀನುದಾರ’ ಎಂದಿರುತ್ತದೆ. ಆದರೆ ಸ್ನೇಹಿತನ ಸಾಲಕ್ಕೆ ಸಹಿ ಮಾಡುವವನ ಮನಸ್ಸಿನಲ್ಲಿ ಅವನು ಬರೀ ಸಾಕ್ಷಿ. ‘ಸುಮ್ಮನೆ ಒಂದು ಸಹಿ, ಭಾಯಿ’ ಎಂದೇ ಅವನಿಗೆ ಹೇಳಲಾಗಿರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುವುದೇ ಬೇರೆ: ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಸಾಲಗಾರನ ಬಳಿ ಹೋಗಿ ಬನ್ನಿ ಎಂದು ಬ್ಯಾಂಕಿಗೆ ಹೇಳುವ ಹಕ್ಕು ಸಾಮಾನ್ಯವಾಗಿ ಅವನಿಗಿಲ್ಲ.

ನಾಮಿನಿ ಎಂಬ ಪದವಂತೂ ನಮ್ಮ ಮನೆಗಳನ್ನೇ ಒಡೆಯುತ್ತಿದೆ. ಅದನ್ನು ವಾರಸುದಾರ ಎಂದೇ ತಿಳಿದಿರುವವರು ಬಹಳ. ತಂದೆ ಹಿರಿಮಗನ ಹೆಸರನ್ನು ನಾಮಿನಿ ಎಂದು ಬರೆಸಿರುತ್ತಾನೆ. ತಂದೆ ತೀರಿಕೊಂಡ ಮೇಲೆ ಮಗ ಠೇವಣಿಯೆಲ್ಲ ತನ್ನದೆನ್ನುತ್ತಾನೆ. ವಿಧವೆ ತಾಯಿ, ತಂಗಿಯರು ಸುಮ್ಮನಾಗುತ್ತಾರೆ. ಬ್ಯಾಂಕಿನ ನಾಮಿನಿ ಹಣ ಪಡೆದುಕೊಳ್ಳಲು ಹಕ್ಕುಳ್ಳವನೇ ಹೊರತು ಅದರ ಒಡೆಯನಲ್ಲ, ಹಣ ವಾರಸುದಾರರಿಗೆ ಅವರವರ ಕಾನೂನಿನಂತೆ ಸಲ್ಲಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಹೆಣ್ಣುಮಕ್ಕಳ ಪಾಲನ್ನು ಖುರ್‌ಆನ್ ನಿಗದಿ ಮಾಡಿದೆ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆ ಪಾಲು ಒಂದು ಇಂಗ್ಲಿಷ್ ಪದದ ಮರೆಯಲ್ಲಿ ಕಳೆದುಹೋಗುವುದನ್ನು ನೋಡಿಯೂ ನೋಡದಂತಿರುತ್ತೇವೆ.

ಫ್ಲಾಟ್ ರೇಟ್ ಎಂಬುದು ಇನ್ನೊಂದು. ಒಂದು ಲಕ್ಷ ರೂಪಾಯಿ ಸಾಲ, ಶೇ. 12 ಫ್ಲಾಟ್, ಒಂದು ವರ್ಷ. ತಿಂಗಳ ಕಂತು 9,333 ರೂಪಾಯಿ. ಕೇಳಲು ಸರಳ. ಆದರೆ ಪ್ರತಿ ಕಂತಿನಲ್ಲೂ ಅಸಲು ಕರಗುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆಯೇ ನಿಂತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ದರ ಶೇ. 21ನ್ನೂ ಮೀರುತ್ತದೆ. ‘ಫ್ಲಾಟ್ ಎಂದರೆ ಸಮತಟ್ಟು’ ಎಂದು ಕಲಿತವರಿಗೆ ಇದು ಹೇಗೆ ಹೊಳೆಯಬೇಕು?

ಹಾಗಾದರೆ ಎಲ್ಲವನ್ನೂ ಕನ್ನಡದಲ್ಲಿ ಅಚ್ಚು ಮಾಡಿದರೆ ಸಾಕಲ್ಲ ಎನ್ನುವವರಿದ್ದಾರೆ. ಚಿಲ್ಲರೆ ಗ್ರಾಹಕರು ಬಳಸುವ ಫಾರಂಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆದರೆ ಫಾರಂಗಳ ಕನ್ನಡ ಎಂತಹದು? ‘ನಾಮನಿರ್ದೇಶನ’ ಎಂದರೆ ನಮ್ಮ ಜನರಿಗೆ ನೆನಪಾಗುವುದು ಪಂಚಾಯತ್ ಚುನಾವಣೆ. ‘ಆವರ್ತ ಠೇವಣಿ’ಯನ್ನು ಆರ್‌ಡಿ ಎಂದು ಹೇಳಿದ ಮೇಲೆಯೇ ಗ್ರಾಹಕರು ತಲೆಯಾಡಿಸುತ್ತಾರೆ. ಬೀದಿಯ ಕನ್ನಡದಲ್ಲಿ ಜೀವಂತವಿರುವ ಪದಗಳನ್ನು ಬಿಟ್ಟು ನಿಘಂಟಿನಿಂದ ಸಂಸ್ಕೃತವನ್ನು ಹೊತ್ತು ತಂದರೆ ಅದೂ ಇನ್ನೊಂದು ಇಂಗ್ಲಿಷೇ. ಓದುವವರನ್ನು ದೂರವಿಡುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಪದ ತಿಳಿಯದೆ ಹೋದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2019ರ ಜೂನ್‌ನಲ್ಲಿ ಕಂಡಿತು. ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಕುಸಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ಸಾವಿರಾರು ಜನ ಸಾಲುಗಟ್ಟಿದರು. ಹೆಚ್ಚಿನವರು ಮುಸ್ಲಿಮರು. ಮಗಳ ಮದುವೆಗೆಂದು, ಹಜ್ಜಿಗೆಂದು ಕೂಡಿಟ್ಟ ದುಡ್ಡು ಅದು. ಬಡ್ಡಿಯಿಂದ ದೂರವಿರಬೇಕೆಂಬ ಅವರ ಶ್ರದ್ಧೆ ಪ್ರಾಮಾಣಿಕವಾದುದು. ಅವರಿಗೆ ಹೇಳಲಾಗಿದ್ದು ಹಲಾಲ್, ಪ್ರಾಫಿಟ್, ರಿಟರ್ನ್ ಎಂಬ ಮಾತುಗಳು. ಕಾಗದದ ಮೇಲಾದರೋ ಅವರನ್ನು ಠೇವಣಿದಾರರೆಂದು ಕರೆಯದೆ ಎಲ್‌ಎಲ್‌ಪಿ ಎಂಬ ಬಗೆಯ ಸಂಸ್ಥೆಗಳ ಪಾರ್ಟ್‌ನರ್‌ಗಳೆಂದು ತೋರಿಸಲಾಗಿತ್ತು. ಠೇವಣಿದಾರ ಎಂಬ ಪದಕ್ಕೆ ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯ ಆಸರೆಯಿದೆ. ಪಾರ್ಟ್‌ನರ್ ಎಂದರೆ ನಷ್ಟದಲ್ಲೂ ಪಾಲುದಾರ. ಇನ್ನು ಬ್ಯಾಂಕಿನ ಠೇವಣಿಗೆ ಸಿಗುವ ವಿಮೆ, 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ಏರಿಸಲಾದದ್ದು, ಇಂತಹ ಕಂಪೆನಿಗಳಿಗೆ ಅನ್ವಯಿಸುವುದೇ ಇಲ್ಲ.

ಇಲ್ಲಿ ಬಡ್ಡಿಯ ಕುರಿತ ಫತ್ವಾ ಚರ್ಚೆಗೆ ನಾವು ಇಳಿಯುತ್ತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಸೂದ್ ಎಂದರೆ ಬೆಚ್ಚುವ ನಾವು ರಿಟರ್ನ್ ಎಂದರೆ ನೆಮ್ಮದಿಯಾಗುತ್ತೇವೆ. ತಿಂಗಳು ತಿಂಗಳೂ ತಪ್ಪದೆ ಬರುವ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ, ನಷ್ಟದ ತಿಂಗಳು ಏಕಿಲ್ಲ ಎಂದು ಕೇಳುವುದೂ ಧರ್ಮಶ್ರದ್ಧೆಯ ಭಾಗವೇ ಆಗಬೇಕಿತ್ತು.

ಖುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ? ಸೂರಃ ಅಲ್‌ಬಕರದ 282ನೇ ಸೂಕ್ತ ಸಾಲದ ಪತ್ರದ ಕುರಿತಾಗಿದೆ. ಸಾಲ ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಲು ಬೇಸರಿಸಬಾರದು ಎನ್ನುತ್ತದೆ ಅದು. ಅದಕ್ಕಿಂತ ಮುಖ್ಯವಾಗಿ, ಬರೆಸುವ ಕೆಲಸವನ್ನು ಅದು ಒಪ್ಪಿಸುವುದು ಸಾಲ ಕೊಟ್ಟವನಿಗಲ್ಲ, ಸಾಲದ ಹೊಣೆ ಹೊತ್ತವನಿಗೆ. ಅವನು ಅಶಕ್ತನಾಗಿ ಬರೆಸಲಾರದೆ ಹೋದರೆ ಅವನ ಪರವಾಗಿ ಅವನ ಪೋಷಕ ನ್ಯಾಯವಾಗಿ ಬರೆಸಬೇಕು. ತಾನು ಏನನ್ನು ಒಪ್ಪಿಕೊಂಡೆ ಎಂಬುದನ್ನು ದುರ್ಬಲನೇ ತನ್ನ ಬಾಯಿಂದ ಹೇಳಬೇಕೆಂಬ ನೀತಿ ಇದು. ಇಂದಿನ ಪದ್ಧತಿಯಲ್ಲಿ ಕೊಡುವವನು ಬರೆದಿಟ್ಟಿರುತ್ತಾನೆ, ಪಡೆಯುವವನು ಓದಲಾಗದ ಭಾಷೆಗೆ ಸಹಿ ಹಾಕುತ್ತಾನೆ.

ಈ ನೀತಿಗೆ ಹತ್ತಿರವಾದ ಒಂದು ನಿಯಮ ಈಗ ನಮ್ಮ ಕೈಯಲ್ಲಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಕಾಗದ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಬೇಕು, ಅರ್ಥವಾಯಿತೆಂದು ಅವರಿಂದ ಒಪ್ಪಿಗೆ ಪಡೆಯಬೇಕು. ಬಡ್ಡಿಯ ಜೊತೆಗೆ ಇತರ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿ ಕಾಣಬೇಕು. ಫ್ಲಾಟ್ ರೇಟಿನ ಮುಸುಕು ಅಲ್ಲಿ ಕಳಚುತ್ತದೆ. ಆದರೆ ಕಾಗದ ಕೇಳುವವರಿಲ್ಲದಿದ್ದರೆ ಅರ್ಥವಾಯಿತೆಂಬ ಆ ಸಹಿಯೂ ಹಿಂದಿನ ಸಹಿಗಳ ಸಾಲಿಗೇ ಸೇರುತ್ತದೆ.

ಆದ್ದರಿಂದ ಬ್ಯಾಂಕಿನ ಇಂಗ್ಲಿಷ್ ಕಲಿಸುವವರು ಪಟ್ಟಿಯನ್ನು ಮಡಚಿಟ್ಟು ನಿಜವಾದ ಫಾರಂ ಒಂದನ್ನು ಹರಡಲಿ. ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಲಿ: ಈ ಪದ ನನ್ನನ್ನು ಏನಾಗಿ ಮಾಡುತ್ತದೆ? ಇದರಿಂದ ಯಾರಿಗೆ ಎಷ್ಟು ಕೊಡಬೇಕಾಗುತ್ತದೆ? ಕೊಡಲಾಗದಿದ್ದರೆ ಏನಾಗುತ್ತದೆ? ಉತ್ತರ ಉರ್ದುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ ಇರಲಿ. ಜಮಾಅತಿನ ಕಚೇರಿಯಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಹತ್ತನೇ ತರಗತಿಯಲ್ಲಿ ಇದಕ್ಕೆ ವಾರಕ್ಕೊಂದು ತಾಸು ಸಾಕು. ಇಂಗ್ಲಿಷ್ ಬಲ್ಲ ನಮ್ಮ ಮಕ್ಕಳು ನೆರೆಯ ಖಾಲಾಗೆ ಫಾರಂ ತುಂಬಿಕೊಡುವಾಗ ‘ಇಲ್ಲಿ ಸಹಿ’ ಎಂದು ಬೆರಳು ತೋರಿಸುವ ಮೊದಲು ಅದರಲ್ಲಿರುವುದನ್ನು ಅವಳಿಗೆ ಓದಿ ಹೇಳಲಿ, ಅರ್ಥವಾದದ್ದನ್ನು ಅವಳ ಬಾಯಿಂದಲೇ ಕೇಳಿಸಿಕೊಳ್ಳಲಿ. ಆಮೇಲೆ ಪೆನ್ನು ಕೊಡಲಿ.