ಸಜ್ಜಾದಡಿಯ ರಾಣಿ

ಈ ವಾರ ಕೆಂಜಿಗದ ವೇಷ ಹಾಕುವ ಜೇಡದ ಕಥೆ ಎಂದು ಹೇಳಿಯಾಗಿತ್ತು. ಮಾರತ್ತಹಳ್ಳಿಯ ಹೊರವರ್ತುಲ ರಸ್ತೆ ಬಿಟ್ಟು ಹಳೇ ಊರಿನೊಳಗೆ ಹೊಕ್ಕರೆ, ಹಿತ್ತಲುಗಳಲ್ಲಿ ಉಳಿದಿರುವ ನಾಲ್ಕಾರು ಮಾವು, ಸೀಬೆ ಮರಗಳೇ ಕೆಂಜಿಗಕ್ಕೆ ಸಾಕು. ಎಲೆಯಂಚುಗಳನ್ನು ಎಳೆದು ಹಿಡಿದು, ಮರಿಹುಳು ಬಿಡುವ ರೇಷ್ಮೆಯಿಂದ ಬೆಸೆದು ಗೂಡು ಕಟ್ಟುವ ಇರುವೆಯದು. ಆ ಸಾಲಿನ ಪಕ್ಕದಲ್ಲಿ ಎಂಟು ಕಾಲಿನ ‘ಇರುವೆ’ಯೊಂದು ಮುಂಗಾಲು ಎತ್ತಿ ಮೀಸೆಯ ಹಾಗೆ ಆಡಿಸುತ್ತಿದ್ದರೆ ಅದೇ ಜೇಡ. ಗಂಡಿನ ದವಡೆ ಎಷ್ಟು ಉದ್ದವೆಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೊರಟಂತೆ ಕಾಣುತ್ತದೆ.

ಜೇಡ ಇನ್ನೊಂದು ವಾರ ಕಾಯಲಿ. ಅದೇ ಹಿತ್ತಲಿನ ಕಿಟಕಿ ಸಜ್ಜಾದಡಿಯ ಕಡಜದ ಗೂಡು ಅದಕ್ಕಿಂತ ದೊಡ್ಡ ಸೋಜಿಗ.

ಉದ್ದ ಲೆನ್ಸಿನ ಬಳಗ ಇದನ್ನು ಒಪ್ಪುವುದಿಲ್ಲ. ಕಬಿನಿಯ ಕರಿಚಿರತೆಗೆಂದು ನಸುಕಿನಲ್ಲೇ ಕಾರು ಹತ್ತುವವರು, ಮನೆಯ ಗೂಡಿಗೆ ಮಾತ್ರ ಔಷಧಿ ಹೊಡೆಸುತ್ತಾರೆ. ತೇಜಸ್ವಿಯವರ 1980ರ ‘ಕರ್ವಾಲೊ’ ಕಾದಂಬರಿ ಓದಿ, ಹಾರುವ ಓತಿ ಗೊಂಡಾರಣ್ಯದಲ್ಲಷ್ಟೇ ಇರುವ ಪ್ರಾಣಿ ಎಂದು ತಿಳಿದವರೂ ಇದೇ ಪಂಗಡ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಅದು ಇರುವೆ ತಿನ್ನುತ್ತ, ಮರದಿಂದ ಮರಕ್ಕೆ ತೇಲುತ್ತ ಆರಾಮಾಗಿದೆ. ಹಾಗೆ ನೋಡಿದರೆ ತೇಜಸ್ವಿಯವರೂ ಹಕ್ಕಿಗಳನ್ನು ಹುಡುಕಿಕೊಂಡು ಮೂಡಿಗೆರೆಯ ತಮ್ಮ ತೋಟದಿಂದ ಬಹುದೂರ ಹೋಗಬೇಕಾಗಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ದಶಕಗಟ್ಟಲೆ ಹಿಂಬಾಲಿಸಿದ್ದು ಸಜ್ಜಾದಡಿಯ ಈ ‘ರೋಪಾಲಿಡಿಯಾ ಮಾರ್ಜಿನೇಟಾ’ ಎಂಬ ಸಾಮಾನ್ಯ ಕಡಜವನ್ನೇ. ಒಂದೊಂದು ಕಡಜಕ್ಕೂ ಬೇರೆ ಬೇರೆ ಬಣ್ಣದ ಚುಕ್ಕೆಯಿಟ್ಟು, ಯಾವುದು ಏನು ಮಾಡಿತೆಂದು ಬರೆದಿಡುವ ಕೆಲಸ. ಅದರ ಫಲವಾಗಿ ಬಂದ ದಪ್ಪ ಪುಸ್ತಕವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2001ರಲ್ಲಿ ಪ್ರಕಟಿಸಿತು.

ಇಲ್ಲಿನ ರಾಣಿ ಯಾರ ಮೇಲೂ ದರ್ಪ ತೋರಿಸುವವಳಲ್ಲ. ಆಹಾರ ತರಲು ಯಾರು ಹೋಗಬೇಕೆಂಬುದನ್ನು ಕೆಲಸಗಾರ್ತಿಯರು ತಮ್ಮಲ್ಲೇ ಹೊಂದಿಸಿಕೊಳ್ಳುತ್ತಾರೆ. ರಾಣಿ ಹೊಟ್ಟೆಯನ್ನು ಗೂಡಿಗೆ ಉಜ್ಜಿ ವಾಸನೆ ಬಿಟ್ಟು, ತಾನಿದ್ದೇನೆಂದು ಸಾರುತ್ತಾಳೆ, ಅಷ್ಟೆ. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯೊಬ್ಬಳು ಉಳಿದವರ ಮೇಲೆ ಎಗರಾಡತೊಡಗುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮೊಟ್ಟೆಯಿಡುತ್ತಾಳೆ. ಆಮೇಲೆ ಅವಳೂ ಸಾಧು.

ಸ್ವಾರಸ್ಯವಿರುವುದು ಮುಂದೆ. ರಾಣಿ ಇರುವಷ್ಟು ದಿನ, ಮುಂದಿನವಳು ಯಾರೆಂಬುದು ನೋಡುವವರಿಗೆ ಗೊತ್ತಾಗದು. ವಯಸ್ಸು, ಗಾತ್ರ, ನಡವಳಿಕೆ ಯಾವುದನ್ನು ಅಳೆದರೂ ಖಚಿತ ಲೆಕ್ಕ ಸಿಗದು. ಗದಗ್‌ಕರ್ ಬಳಗ ಗೂಡನ್ನು ಎರಡು ಹೋಳು ಮಾಡಿ, ನಡುವೆ ಜಾಲರಿ ಹಾಕಿ, ರಾಣಿಯನ್ನು ಈಚೆಯಿಂದ ಆಚೆಗೆ ಬದಲಿಸಿ ನೋಡಿತು. ಎರಡೂ ಕಡೆಯವರು ಒಬ್ಬಳೇ ಉತ್ತರಾಧಿಕಾರಿಯನ್ನು ಒಪ್ಪಿಕೊಂಡರು, ಅವಳ ಮೇಲೆ ಯಾರೂ ಎರಗಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಪಟ್ಟಕ್ಕೆ ಬಂದವಳನ್ನೂ ತೆಗೆದರು. ಮತ್ತೊಬ್ಬಳು ಬಂದಳು, ಅವಳನ್ನೂ ತೆಗೆದರೆ ಇನ್ನೊಬ್ಬಳು, ಪ್ರತಿ ಸಲವೂ ಜಗಳವಿಲ್ಲದೆ.