ನಾಣ್ಯಶೋಧನವೂ ಪಾಠಶೋಧನವೂ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯು ಮಲ್ಲಿಕಾರ್ಜುನ ದೇವಾಲಯದಿಂದಲೂ ಶಿಲಾಶಾಸನಗಳಿಂದಲೂ ವಿದ್ವಾಂಸರಿಗೆ ಪರಿಚಿತವಾದ ಗ್ರಾಮವು. ಬನವಾಸಿನಾಡಿಗೆ ಸೇರಿದ ಈ ಪ್ರಾಂತದಲ್ಲಿ ಚರಿತ್ರೆಯ ಸಾಕ್ಷ್ಯವು ಕಲ್ಲಿನ ಮೇಲೆ ಹೇರಳವಾಗಿ ಉಳಿದಿದೆ. ಶಾಸನದ ಕಲ್ಲನ್ನು ಉಳಿಯಿಂದ ಕೆತ್ತಿ ಸ್ಫುಟಗೊಳಿಸಲು ಯಾರೂ ಹೋಗುವುದಿಲ್ಲ. ಆದರೆ ಅಲ್ಪಬೆಲೆಯ ಪ್ರಾಚೀನ ನಾಣ್ಯಗಳನ್ನು ಕೊಂಡು, ಉಜ್ಜಿ ತೊಳೆದು, ಛಾಯಾಚಿತ್ರ ತೆಗೆದಿಡುವ ಹವ್ಯಾಸದಲ್ಲಿ ಇಂತಹುದೇ ಕಾರ್ಯವು ನಿಶ್ಶಂಕೆಯಾಗಿ ನಡೆಯುತ್ತಿದೆ. ಆದುದರಿಂದ ಈ ಹವ್ಯಾಸದ ಗುಣದೋಷವಿಮರ್ಶೆಯು ಅವಶ್ಯಕವಾಗಿದೆ.

ಇದರಲ್ಲಿ ಅಡಗಿರುವ ಅಪಾಯಕ್ಕೆ ತೊಗರ್ಸಿಯ ನೆರೆಯಲ್ಲಿಯೇ ನಿದರ್ಶನವುಂಟು. ಅದೇ ತಾಲ್ಲೂಕಿನ ಮಳವಳ್ಳಿಯ ಶಿಲಾಸ್ತಂಭದ ಪ್ರಾಕೃತ ಶಾಸನದಲ್ಲಿ ಚುಟುಕುಲಾನಂದ ಸಾತಕಣ್ಣಿಯೆಂಬ ಅರಸನ ಹೆಸರಿದೆ. ಬಿ. ಎಲ್. ರೈಸರು ಇದನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾರವಾರದ ಕಡೆ ದೊರೆತ ಸೀಸದ ನಾಣ್ಯಗಳ ಮೇಲೆ ಇದನ್ನು ಹೋಲುವ ಹೆಸರು ಬ್ರಾಹ್ಮೀಲಿಪಿಯಲ್ಲಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ನಾಣ್ಯಸೂಚಿಯನ್ನು 1908ರಲ್ಲಿ ಹೊರತಂದ ರ್‍ಯಾಪ್ಸನ್ನರು ಅದನ್ನು ‘ಚುಟುಕಡಾನಂದ’ ಎಂದು ಓದಿದರು. ‘ಚುಟುಕುಲಾನಂದ’ ಎಂದು ಓದುವವರೂ ಉಂಟು. ‘ಕ’ವೋ ‘ಕು’ವೋ ಎಂಬುದು ಅಕ್ಷರದ ಬುಡದ ಒಂದು ಗೀಟಿನಿಂದ ನಿರ್ಣಯವಾಗತಕ್ಕದ್ದು. ಕುಲವಾಚಕವಾದ ಪದವೊಂದು ನಾಣ್ಯದಲ್ಲಿ ಇದೆಯೇ ಇಲ್ಲವೇ ಎಂಬ ವಿವಾದವು ಆ ಗೀಟಿನ ಮೇಲೆ ನಿಂತಿದೆ. ಅದನ್ನು ಅಳಿಸುವುದಕ್ಕೆ ಬಿರುಸಾದ ಬ್ರಷ್ಷಿನ ನಾಲ್ಕು ಉಜ್ಜುಗಳೇ ಸಾಕು.

ಇಲ್ಲಿ ಪೂರ್ವಪಕ್ಷವು ಹೀಗೆ: ಮಣ್ಣು ಮುಚ್ಚಿದ ನಾಣ್ಯವನ್ನು ತೊಳೆಯದೆ ಓದಲಾಗದು, ಇವು ಅಗ್ಗವಾದವು, ಸಂಖ್ಯೆಯಲ್ಲಿಯೂ ಬಹಳ, ಒಂದು ಕೆಟ್ಟರೆ ನಷ್ಟವೇನು? ಮೊದಲನೆಯ ಮಾತು ಒಪ್ಪತಕ್ಕದ್ದು. ಎರಡನೆಯದು ವಿಚಾರವನ್ನು ಸಹಿಸುವುದಿಲ್ಲ. ಆ ಕಾಲದ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಯ ನಟ್ಟನಡುವೆ ಬೀಳದೆ ಓರೆಯಾಗಿ ಬಿದ್ದಿರುವುದು ಸಾಮಾನ್ಯ. ಆದುದರಿಂದ ಒಂದರಲ್ಲಿ ಮೊದಲ ಮೂರಕ್ಷರಗಳು, ಇನ್ನೊಂದರಲ್ಲಿ ಕೊನೆಯ ನಾಲ್ಕು ಉಳಿದಿರುತ್ತವೆ. ತ್ರುಟಿತವಾದ ಹಲವು ಓಲೆಪ್ರತಿಗಳನ್ನು ಕೂಡಿಸಿ ಗ್ರಂಥಪಾಠವನ್ನು ನಿರ್ಣಯಿಸುವಂತೆ, ಹಲವು ಸವೆದ ನಾಣ್ಯಗಳಿಂದ ಒಂದು ಲೇಖವನ್ನು ಕಟ್ಟಬೇಕಾಗಿದೆ. ಹೀಗಿರಲು ಬೆಲೆಯಿಲ್ಲದ ನಾಣ್ಯಗಳೇ ಪಾಠಕ್ಕೆ ಮುಖ್ಯಾಧಾರಗಳು.

ಶುದ್ಧಿಯ ಕ್ರಮವು ಲೋಹವನ್ನು ಅನುಸರಿಸಬೇಕು. ತಾಮ್ರದ ಪಾತ್ರೆಗೆ ಹುಣಿಸೆಹುಳಿ ಯೋಗ್ಯವೆಂದು ತಾಮ್ರದ ನಾಣ್ಯಕ್ಕೂ ಹಚ್ಚುವವರಿದ್ದಾರೆ. ಪಾತ್ರೆಗೆ ಹೊಳಪು ಬೇಕು. ನಾಣ್ಯಕ್ಕೆ ಅಕ್ಷರ ಬೇಕು. ಶತಮಾನಗಳಿಂದ ಬೆಳೆದ ಗಟ್ಟಿಯಾದ ಹಸುರು ಪೊರೆಯಲ್ಲಿಯೇ ಅಕ್ಷರದ ಅಂಚು ಉಳಿದಿರುವುದುಂಟು. ಹುಳಿಯು ಪೊರೆಯನ್ನು ಕರಗಿಸಿದಾಗ ಅಂಚೂ ಹೋಗಿ, ಕೆಳಗೆ ಗುಳಿಬಿದ್ದ ಲೋಹ ಮಾತ್ರ ತೋರುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸುರು ಕಿಲುಬು ಬೇರೆ ಬಗೆಯದು. ಅದು ಲೋಹವನ್ನು ತಿನ್ನುತ್ತ ಹೋಗುವುದರಿಂದ ಬಲ್ಲವರಿಂದ ಚಿಕಿತ್ಸೆ ಮಾಡಿಸಬೇಕು. ಸೀಸವಂತೂ ಇನ್ನೂ ಮೃದು. ಹುಳಿಯ ಆವಿಗೂ ಅದು ಬಿಳಿಯ ಪುಡಿಯಾಗುತ್ತದೆ. ತಾಮ್ರಕ್ಕೆ ಹಿತವಾದ ಭಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟರೂ ಕೆಡುತ್ತದೆ. ಕೆಲವು ಜಾತಿಯ ಮರದ ಪೆಟ್ಟಿಗೆಗಳೂ ಅದಕ್ಕೆ ಶತ್ರುಗಳು. ಭೂತಗನ್ನಡಿಯಿಟ್ಟು, ಮೆತ್ತನೆಯ ಕುಂಚದಿಂದ ಸಡಿಲವಾದ ಮಣ್ಣನ್ನು ಮಾತ್ರ ತೆಗೆದು ನಿಲ್ಲಿಸುವುದೇ ಉತ್ತಮ ಪಕ್ಷ.

ಛಾಯಾಚಿತ್ರವು ನಾಣ್ಯದ ಪಡಿಯಚ್ಚು. ಮೊಬೈಲ್ ದೂರವಾಣಿಯಿಂದಲೇ ಈಗ ಇದು ಸುಲಭಸಾಧ್ಯ. ಆದರೆ ಪ್ರಚಾರದಲ್ಲಿರುವ ಚಿತ್ರಗಳಲ್ಲಿ ಮೂರು ದೋಷಗಳು ಎದ್ದು ಕಾಣುತ್ತವೆ. ಶುದ್ಧಿಗೆ ಮುಂಚಿನ ಚಿತ್ರವಿಲ್ಲದಿರುವುದು ಮೊದಲನೆಯದು. ಏನನ್ನು ಕಳೆದುಕೊಂಡೆವೆಂದು ತಿಳಿಯಲು ಅದೊಂದೇ ಸಾಧನ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಉಬ್ಬುತಗ್ಗುಗಳು ಅಡಗುವುದು ಎರಡನೆಯದು. ಓರೆಬೆಳಕಿನಲ್ಲಿ, ದಿಕ್ಕನ್ನು ಬದಲಿಸಿ ಎರಡು ಮೂರು ಚಿತ್ರಗಳನ್ನು ತೆಗೆದರೆ ಗೀಟಾವುದು ಬಿರುಕಾವುದು ಎಂಬುದು ತಿಳಿಯುತ್ತದೆ. ಅಂದಕ್ಕಾಗಿ ಚಿತ್ರವನ್ನು ತಿದ್ದುವುದು ಮೂರನೆಯದು. ಇದು ಮೂಲದಲ್ಲಿಲ್ಲದ ಅಕ್ಷರವನ್ನು ಲಿಪಿಕಾರನು ಸೇರಿಸಿದ ದೋಷಕ್ಕೆ ಸಮಾನ. ಅಳತೆಗೋಲು, ತೂಕ, ಎರಡೂ ಮುಖಗಳು ಇಲ್ಲದ ಚಿತ್ರವು ಅಲಂಕಾರಕ್ಕೆ ಸಲ್ಲುವುದೇ ಹೊರತು ಪ್ರಮಾಣಕ್ಕೆ ಸಲ್ಲದು.

ಇವೆಲ್ಲಕ್ಕಿಂತ ದೊಡ್ಡ ಲೋಪವು ದೊರೆತ ಸ್ಥಳವನ್ನು ಬರೆದಿಡದಿರುವುದು. ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣರೂ 1947ರಲ್ಲಿ ವ್ಹೀಲರರೂ ನಡೆಸಿದ ಉತ್ಖನನಗಳಿಂದ ಸೀಸದ ನಾಣ್ಯಗಳಿಗೆ ಕಾಲನಿರ್ಣಯದಲ್ಲಿ ಬೆಲೆ ಬಂದುದು, ಅವು ನೆಲದ ಇಂತಹ ಪದರದಲ್ಲಿ, ಇಂತಹ ವಸ್ತುಗಳ ಜೊತೆಗೆ ಇದ್ದುವೆಂಬುದು ತಿಳಿದುದರಿಂದ. ತೊಗರ್ಸಿಯ ಹೊಲದಲ್ಲಿ ಅಂತಹ ಒಂದು ಬಿಲ್ಲೆ ದೊರೆತರೆ, ಮಳವಳ್ಳಿಯ ಶಾಸನದ ನೆರೆಯಲ್ಲಿ ಅದು ದೊರೆಯಿತೆಂಬುದೇ ಒಂದು ಪ್ರಮಾಣವಾಗುವುದು. ಸಂತೆಗಳಲ್ಲಿ ಕೈ ಬದಲಾಯಿಸಿ ಊರ ಹೆಸರನ್ನು ಕಳೆದುಕೊಂಡಮೇಲೆ ಅದೇ ಬಿಲ್ಲೆಯು ಪ್ರಶಸ್ತಿಪದ್ಯ ಹರಿದುಹೋದ ಓಲೆಕಟ್ಟಿನಂತೆ ಮೂಕವಾಗುತ್ತದೆ.

ಈ ಹವ್ಯಾಸವು ನಿಂದ್ಯವಲ್ಲ. ಪ್ರಾಚೀನಲಿಪಿಯಲ್ಲಿ ಅಭಿರುಚಿಯನ್ನು ಹುಟ್ಟಿಸುವ, ಬಡವನಿಗೂ ಎಟುಕುವ ಸಾಧನವು ಇದಕ್ಕಿಂತ ಬೇರೆ ವಿರಳ. ಆದರೆ ಪಾಠಶೋಧಕನಿಗೆ ವಿಹಿತವಾದ ನಿಯಮವು ನಾಣ್ಯಶೋಧಕನಿಗೂ ವಿಹಿತ: ಸಂದೇಹವಿದ್ದಲ್ಲಿ ಮೂಲವನ್ನು ಇದ್ದಂತೆಯೇ ಬಿಡತಕ್ಕದ್ದು. ಇಂದು ಓದಲಾಗದ ಅಕ್ಷರವನ್ನು ನಾಳೆ ಬಲ್ಲವರು ಓದಬಹುದು. ಉಜ್ಜಿ ಅಳಿಸಿದುದನ್ನು ಓದುವವರಿಲ್ಲ.