ಕಾವಡಿ ಹೊರುವವರು ಯಾರು?

ಸಂಜೆಯಾದರೆ ನಮ್ಮ ಅಜ್ಜಿಗೆ ದನಗಳ ಚಿಂತೆ. "ದನ ಬಂದ್ವಾ? ಕಟ್ಟಿದ್ರಾ?" ಎಂದು ಕೇಳುತ್ತಲೇ ಇರುತ್ತಾರೆ. ದನ ಮಾರಿ ವರ್ಷಗಳಾದವು. ಈಗ ಕೊಟ್ಟಿಗೆಯಲ್ಲಿ ಇರುವುದು ಒಂದು ಸ್ಕೂಟರು ಮತ್ತು ಖಾಲಿ ಚೀಲಗಳು. ನಾವೆಲ್ಲ ಆ ಸತ್ಯವನ್ನೇ ಹೇಳುತ್ತೇವೆ. ಪ್ರತಿಸಲವೂ ಅದು ಅವರಿಗೆ ಹೊಸ ಸುದ್ದಿ, ಪ್ರತಿಸಲವೂ ಅಳು. ದೊಡ್ಡಮ್ಮನ ಮಗ ಮಾತ್ರ ಹಾಗೆ ಮಾಡುವುದಿಲ್ಲ. ಅವನಿಗೆ ಇಪ್ಪತ್ತೆರಡು ವರ್ಷ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಅಜ್ಜಿ ಕೇಳಿದ ಕೂಡಲೇ ಎದ್ದು ಕೊಟ್ಟಿಗೆಯ ತನಕ ಹೋಗುತ್ತಾನೆ, ಒಳಗೆ ಇಣುಕುತ್ತಾನೆ, ಬಂದು "ಕಟ್ಟಿದೀನಿ ಅಜ್ಜಿ, ಹುಲ್ಲೂ ಹಾಕಿದೀನಿ" ಎನ್ನುತ್ತಾನೆ. ಹತ್ತು ನಿಮಿಷದ ನಂತರ ಮತ್ತೆ ಕೇಳಿದರೆ ಮತ್ತೆ ಹೋಗಿ ಬರುತ್ತಾನೆ. ಇದನ್ನು ನೋಡಿದ ನೆಂಟರೊಬ್ಬರು "ಪಾಪ, ಅವನಿಗೇನು ಗೊತ್ತಾಗತ್ತೆ" ಎಂದರು. ಆ ರಾತ್ರಿ ನಾನು ಅವನನ್ನೇ ಕೇಳಿದೆ. "ದನ ಇಲ್ಲ. ಅಜ್ಜಿ ಮಲಗ್ಬೇಕಲ್ಲ" ಎಂದ.

ಕನ್ನಡ ಕಥನಗಳಲ್ಲಿ ಕಾಯಿಲೆ ಮತ್ತು ಆರೈಕೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಒಂದು ಅಧ್ಯಾಯಕ್ಕಾಗಿ ಪಾತ್ರಗಳನ್ನು ಎರಡು ಸಾಲುಗಳಲ್ಲಿ ಬರೆದುಕೊಂಡಿದ್ದೆ: ಆರೈಕೆ ಮಾಡುವವರು, ಆರೈಕೆ ಪಡೆಯುವವರು. ಅಂಗವೈಕಲ್ಯವಿರುವವರೆಲ್ಲ ತಾವಾಗಿಯೇ ಎರಡನೆಯ ಸಾಲಿಗೆ ಹೋಗಿ ಸೇರಿದ್ದರು. ಅದು ವಿಚಿತ್ರವೆಂದು ನನಗೆ ಅನ್ನಿಸಿಯೂ ಇರಲಿಲ್ಲ. ಆದರೆ ನನ್ನ ಈ ತಮ್ಮನನ್ನು ಯಾವ ಸಾಲಿನಲ್ಲಿ ಬರೆಯುವುದು? ಅವನಿಗೆ ಜಾಗವಿಲ್ಲದ್ದು ನನ್ನ ಪಟ್ಟಿಯಲ್ಲೋ, ನಾನು ಓದಿದ ಕಥನಗಳಲ್ಲೋ?

ಸೇವೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಶ್ರವಣಕುಮಾರ. ಅಂಧ ತಂದೆತಾಯಿಯನ್ನು ಕಾವಡಿಯಲ್ಲಿ ಹೊತ್ತು ನಡೆದ ಗಟ್ಟಿಮುಟ್ಟಾದ ಮಗ. ಹೊರುವವನ ದೇಹ ಪೂರ್ಣ, ಹೊರಿಸಿಕೊಂಡವರದು ಊನ. ಈ ಚಿತ್ರ ನಮ್ಮೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದನ್ನು ತಿರುವಿ ನೋಡಬಹುದು ಎಂಬುದೇ ಹೊಳೆಯುವುದಿಲ್ಲ. ತಂದೆತಾಯಿ ಆ ಮಗನಿಗೆ ಏನು ಕೊಟ್ಟಿರಬಹುದೆಂದು ಬಾಲ್ಯದಲ್ಲಿ ಕಥೆ ಕೇಳಿದ ಯಾರೂ ಪ್ರಶ್ನಿಸಿದ ನೆನಪಿಲ್ಲ.

ನವ್ಯದ ಹೊತ್ತಿಗೆ ಈ ಚಿತ್ರದ ಮೇಲೆ ಅನುಮಾನ ಹುಟ್ಟಿತು. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಪ್ರಾಣೇಶಾಚಾರ್ಯ ರೋಗಿಷ್ಠೆಯೆಂದು ತಿಳಿದೇ ಭಾಗೀರಥಿಯನ್ನು ಮದುವೆಯಾಗುತ್ತಾರೆ. ಅವಳ ಶುಶ್ರೂಷೆ ಅವರಿಗೆ ಸಾಧನೆಯ ದಾರಿ. ಬೇರೆ ಮದುವೆಯಾಗಿ ಎಂದು ಅವಳೇ ಹೇಳುತ್ತಾಳೆ, ಅವರು ಒಪ್ಪುವುದಿಲ್ಲ. ಸೇವೆಯಲ್ಲಿ ಅಡಗಿರುವ ಈ ಅಹಂಕಾರವನ್ನು ಕಾದಂಬರಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಕಣ್ಣು ಕೊನೆಯವರೆಗೂ ಆಚಾರ್ಯರ ಮೇಲೆಯೇ. ಭಾಗೀರಥಿಗೆ ತನ್ನ ಹಾಸಿಗೆಯಿಂದ ಆ ಮನೆ ಹೇಗೆ ಕಾಣುತ್ತಿತ್ತು ಎಂಬುದು ನಮಗೆ ಸಿಗುವುದಿಲ್ಲ. ಸೇವೆಯನ್ನು ಪ್ರಶ್ನಿಸಿದ ಕೃತಿಯಲ್ಲೂ ಅವಳು ಇನ್ನೊಬ್ಬರ ಆತ್ಮಕಥೆಯ ಒಂದು ಘಟ್ಟವಾಗಿಯೇ ಉಳಿಯುತ್ತಾಳೆ.

ಅರವತ್ತಕ್ಕೆ ಅರಳುಮರಳು ಎಂದು ಹಗುರವಾಗಿ ಅಂದು ಮುಗಿಸುತ್ತಿದ್ದ ಸಂಗತಿಯನ್ನು ಗಂಭೀರವಾಗಿ ಎತ್ತಿಕೊಂಡ ಸಿನಿಮಾ ಹೇಮಂತ್ ಎಂ. ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಅನಂತ್ ನಾಗ್ ಅವರ ವೆಂಕೋಬ ರಾವ್ ಅಲ್ಝೈಮರ್ಸ್ ರೋಗಿ. ಮಗ ಶಿವ ಹೊರಗೆ ಕರೆದುಕೊಂಡು ಹೋದಾಗ ಕಳೆದುಹೋಗುತ್ತಾರೆ. ಕಾಣೆಯಾದವರ ಪ್ರಕಟಣೆಯ ಸವೆದ ಮಾತೇ ಚಿತ್ರದ ಹೆಸರು, ಯಾರಿಗಾದರೂ ಹೊಂದುವ, ಯಾರನ್ನೂ ಗುರುತಿಸದ ವಿವರ. ಮಗನಿಗೆ ತಂದೆಯ ಬಗ್ಗೆ ಗೊತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ. ತಂದೆಯ ಪ್ರೀತಿಯ ಕಥೆ ಗೊತ್ತಿರುವುದು ಆರೈಕೆ ಕೇಂದ್ರದ ವೈದ್ಯೆ ಸಹನಾಗೆ, ಏಕೆಂದರೆ ಅವಳು ಕೂತು ಕೇಳಿದ್ದಾಳೆ. ಮರೆವಿನವರ ಆರೈಕೆಯೆಂದರೆ ಮಾತ್ರೆ, ಊಟ, ಬೀಗ ಮಾತ್ರವಲ್ಲ, ಅವರಿರುವ ಕಾಲಕ್ಕೆ ನಾವು ಹೋಗಿ ಕೂರುವುದು ಎಂಬ ಅರಿವು ಇಲ್ಲಿದೆ. ನನಗೆ ಚಿತ್ರದ ದೊಡ್ಡ ಸಾಧನೆ ಅದು. ಆದರೂ ಕಥೆ ಕೊನೆಗೆ ಶಿವನ ತಿದ್ದುಪಡಿಗೆ ಬಂದು ನಿಲ್ಲುತ್ತದೆ. ತಂದೆ ಮರೆತದ್ದು ಮಗ ನೆನಪಿಸಿಕೊಳ್ಳಲಿ ಎಂದೇ ಆದಂತೆ. ಕಾವಡಿ ಮತ್ತೆ ಗಟ್ಟಿ ಹೆಗಲನ್ನೇ ಹುಡುಕಿತು.

ಹೆಗಲು ಬದಲಾದ ಕಥನಗಳಿಗಾಗಿ ನಾನು ಹೊರಗೆ ನೋಡಬೇಕಾಯಿತು. 'ದಿ ಪೀನಟ್ ಬಟರ್ ಫಾಲ್ಕನ್' (2019) ಎಂಬ ಅಮೆರಿಕನ್ ಚಿತ್ರದಲ್ಲಿ ಡೌನ್ ಸಿಂಡ್ರೋಮ್ ಇರುವ ತರುಣ ಝ್ಯಾಕ್ ವೃದ್ಧಾಶ್ರಮದ ನಿವಾಸಿ. ಬೇರೆಲ್ಲಿ ಇಡಬೇಕೆಂದು ಸರ್ಕಾರಕ್ಕೆ ತೋಚದೆ ಅಲ್ಲಿಟ್ಟಿದೆ. ಅವನು ತಪ್ಪಿಸಿಕೊಳ್ಳಲು ಅಲ್ಲಿನ ಮುದುಕರೇ ನೆರವಾಗುತ್ತಾರೆ. ಆ ಸ್ನೇಹ ಚೆಂದ. ಆದರೆ ಅದೇ ಕಟ್ಟಡದಲ್ಲಿ ಝ್ಯಾಕ್ ನಿವಾಸಿಯಾಗದೆ ಕೆಲಸಗಾರನಾಗಿರಬಹುದಿತ್ತೇ ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ಅವನ ಬಿಡುಗಡೆ ಇರುವುದು ಅಲ್ಲಿಂದ ಓಡಿಹೋಗುವುದರಲ್ಲಿ.

ಜಪಾನಿನ ಕೆಂಝಾಬುರೊ ಓಎ ಇನ್ನೂ ಹತ್ತಿರ ಬರುತ್ತಾರೆ. 1963ರಲ್ಲಿ ಅವರ ಮಗ ಹಿಕಾರಿ ಮೆದುಳಿನ ತೀವ್ರ ತೊಂದರೆಯೊಂದಿಗೆ ಹುಟ್ಟಿದ. ಮುಂದೆ ಸಂಗೀತ ರಚನಕಾರನಾದ. ಮನೆಯವರ ಬಗ್ಗೆ ಓಎ ಬರೆದ ಪ್ರಬಂಧಗಳ ಸಂಕಲನ, ಇಂಗ್ಲಿಷಿನಲ್ಲಿ 'ಎ ಹೀಲಿಂಗ್ ಫ್ಯಾಮಿಲಿ', ಒಂದು ಪ್ರಸಂಗ ಹೇಳುತ್ತದೆ. ಶಿಕೊಕುವಿನಲ್ಲಿದ್ದ ವಯಸ್ಸಾದ ಅಜ್ಜಿಯಿಂದ ಬೀಳ್ಕೊಳ್ಳುವಾಗ ಹಿಕಾರಿ, ಗಟ್ಟಿ ಮನಸ್ಸಿನಿಂದ ಸಾಯಬೇಕು ಎಂಬರ್ಥದ ಮಾತನ್ನು ಹಾರೈಕೆಯ ಧಾಟಿಯಲ್ಲಿ ಹೇಳಿಬಿಡುತ್ತಾನೆ. ಮನೆಯವರಿಗೆ ಮುಜುಗರ. ಅಜ್ಜಿಗೆ ಮಾತ್ರ ಕಾಯಿಲೆಯ ಸಮಯದಲ್ಲಿ ಧೈರ್ಯ ಕೊಟ್ಟದ್ದು ಆ ಮಾತೇ. ಆ ಅಜ್ಜಿಯದು ಮರೆವಿನ ಕಥೆಯಲ್ಲ, ಮುಪ್ಪಿನ ಕಥೆ. ಆದರೂ ಒಂದು ಸಂಗತಿ ಸಮಾನ. ನಾವು ಸಂಕೋಚದಿಂದ ಸುತ್ತಿಬಳಸುವ ಕಡೆ ಹಿಕಾರಿ ನೇರವಾಗಿ ಅಜ್ಜಿ ಇದ್ದ ಜಾಗಕ್ಕೆ ಹೋದ. ಓಎ ಅದನ್ನು ಪವಾಡವೆಂದು ಬಣ್ಣಿಸುವುದಿಲ್ಲ, ತಮಾಷೆಯನ್ನೂ ಬಿಡುವುದಿಲ್ಲ.

ಪುಸ್ತಕದಿಂದ ಆಚೆ, ಅದೇ ದೇಶದಲ್ಲಿ, ಇದು ಒಂದು ವ್ಯವಸ್ಥೆಯೂ ಆಗಿದೆ. 1993ರಲ್ಲಿ ತೊಯಾಮಾ ನಗರದಲ್ಲಿ ಮೂವರು ನರ್ಸುಗಳು ಆಸ್ಪತ್ರೆಯ ಕೆಲಸ ಬಿಟ್ಟು ಒಂದು ಮನೆ ತೆರೆದರು. ಮುದುಕರು, ಮಕ್ಕಳು, ಅಂಗವೈಕಲ್ಯವಿರುವವರು, ಎಲ್ಲರೂ ಹಗಲು ಹೊತ್ತು ಒಂದೇ ಸೂರಿನಡಿ. ಬೌದ್ಧಿಕ ಅಂಗವೈಕಲ್ಯವಿರುವ ತರುಣರು ಅಲ್ಲಿ ವೃದ್ಧರ ನೆರವಿಗೆ ನಿಲ್ಲುತ್ತಾರೆ, ಮರೆವಿನ ಕಾಯಿಲೆಯ ಅಜ್ಜಿಯರು ಮಕ್ಕಳನ್ನು ಆಡಿಸುತ್ತಾರೆ. ಶುರುವಿನಲ್ಲಿ ಸರ್ಕಾರದ ಅನುದಾನ ಸಿಗುವುದು ಕಷ್ಟವಾಯಿತು, ಏಕೆಂದರೆ ವೃದ್ಧರಿಗೆ ಒಂದು ಯೋಜನೆ, ಅಂಗವೈಕಲ್ಯಕ್ಕೆ ಇನ್ನೊಂದು. ಇಂಥ ಕೂಡು ಸೇವೆಗೆ ರಾಷ್ಟ್ರಮಟ್ಟದ ವ್ಯವಸ್ಥೆ ಬಂದದ್ದು 2018ರಲ್ಲಿ. ಆ ಮನೆಯ ಹೆಸರು 'ಕೊನೊ ಯುಬಿ ತೊಮಾರೆ'. ಆಟಕ್ಕೆ ಬರುವವರು ಈ ಬೆರಳು ಹಿಡಿಯಿರಿ ಎಂದು ಅಲ್ಲಿನ ಮಕ್ಕಳು ಬೆರಳೆತ್ತಿ ಕೂಗುವ ಮಾತು. ಕಾವಡಿಗೂ ಬೆರಳಿಗೂ ಇರುವ ವ್ಯತ್ಯಾಸವೇ ನಾನು ಹೇಳಬೇಕೆಂದಿರುವುದು. ಕಾವಡಿಯಲ್ಲಿ ಒಬ್ಬ ಹೊರುತ್ತಾನೆ. ಬೆರಳು ಹಿಡಿದಾಗ ಯಾರು ಯಾರನ್ನು ಹಿಡಿದರೆಂದು ಹೇಳಲಾಗದು.

ನಮ್ಮಲ್ಲಿ ಇವೆರಡಕ್ಕೂ ಸೇರಿ ಒಂದೇ ಇಲಾಖೆ ಇದೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಹೆಸರಿನಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ, ಆದರೆ ಇಬ್ಬರೂ ಫಲಾನುಭವಿಗಳು. ನನ್ನ ಪಟ್ಟಿಯ ಎರಡನೆಯ ಸಾಲು ಅದೇ ಅಲ್ಲವೇ?

ಹಾಗೆಂದು ತಮ್ಮನನ್ನು ಮೊದಲ ಸಾಲಿಗೆ ಎತ್ತಿ ಕೂರಿಸಿ ದೇವರ ಮಗು ಎಂದು ಕೈ ಮುಗಿದರೂ ಇನ್ನೊಂದು ಅನ್ಯಾಯವೇ. ಅಂಗವೈಕಲ್ಯವಿರುವವರಿಗೆ ಸಹನೆ ಹುಟ್ಟುಗುಣ ಎಂದುಬಿಟ್ಟರೆ ಅವರ ದುಡಿಮೆ ದುಡಿಮೆಯಾಗಿ ಕಾಣುವುದಿಲ್ಲ, ಅದಕ್ಕೆ ಸಂಬಳವನ್ನೂ ರಜೆಯನ್ನೂ ಯಾರೂ ಲೆಕ್ಕ ಹಾಕುವುದಿಲ್ಲ. ಭಾಗೀರಥಿ ಆಚಾರ್ಯರ ಪುಣ್ಯಕ್ಕೆ ಒದಗಿದಂತೆ ಇವರು ನಮ್ಮ ಕಣ್ಣೀರಿಗೆ ಒದಗುತ್ತಾರೆ. ಇಂಥ ಪಾತ್ರ ಕನ್ನಡದಲ್ಲಿ ಬರುವುದಾದರೆ ಅದಕ್ಕೆ ಬೇಸರ, ಸಿಟ್ಟು, ಸುಳ್ಳು ಹೇಳುವ ಜಾಣತನ ಎಲ್ಲವೂ ಇರಲಿ. ಅದು ಬೇಡ ಎನ್ನಲೂ ಬರಲಿ.

ಈ ಮಾತು ಪುಸ್ತಕದಿಂದ ಕಲಿತದ್ದಲ್ಲ. ಕಳೆದ ಸಲ ಊರಿಗೆ ಹೋದಾಗ ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತು. ಅಜ್ಜಿ ಐದನೆಯ ಸಲ ದನ ಕೇಳಿದರು. ತಮ್ಮ ಏಳಲಿಲ್ಲ. "ನಂಗೆ ಸಾಕಾಯ್ತು. ಇವತ್ತು ನೀನೇ ಹೋಗು" ಎಂದ. ನಾನು ಎದ್ದು ಕೊಟ್ಟಿಗೆಗೆ ಹೋಗಿ ಬಂದೆ. "ಕಟ್ಟಿದೀನಿ ಅಜ್ಜಿ" ಎಂದೆ. ಅವರು ಅನುಮಾನದಿಂದ ನನ್ನನ್ನು ನೋಡಿ, ತಮ್ಮನ ಕಡೆ ತಿರುಗಿ, "ಹೌದನಾ?" ಎಂದು ಕೇಳಿದರು. ಅವನು ಟಿ.ವಿ.ಯಿಂದ ಕಣ್ಣು ತೆಗೆಯದೆ "ಹೌದು" ಎಂದ ಮೇಲೆಯೇ ಮಲಗಿದ್ದು.